ಊರ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಅಚ್ಚಿಗೆ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಬೆಳ್ಳಿಹಬ್ಬ, ಸುವರ್ಣ ಮಹೋತ್ಸವದ ನೆಪದಲ್ಲಿ ಹಳ್ಳಿಯ ಫುಟ್‌ಬಾಲ್ ಕ್ಲಬ್ಬುಗಳು ಸ್ಮರಣ ಸಂಚಿಕೆ ತರುತ್ತವೆ. ಅದರ ಬಿಡುಗಡೆಯ ಸುದ್ದಿ ಜಿಲ್ಲಾ ಪುಟದಲ್ಲಿ ಬರುತ್ತದೆ. ಸಂಚಿಕೆ ತೆರೆದರೆ ಮುಖಂಡರ ಶುಭಾಶಯ, ಅಡತಿ ಅಂಗಡಿ, ಗೊಬ್ಬರದಂಗಡಿಗಳ ಜಾಹೀರಾತು, ನಡುವೆ ಸಿಕ್ಕಿಕೊಂಡ ಎರಡು ಪುಟದ ‘ನಡೆದು ಬಂದ ದಾರಿ’. ತಪ್ಪುಗಳೆಲ್ಲ ಸೇರಿಕೊಳ್ಳುವುದು ಆ ಎರಡು ಪುಟದಲ್ಲೇ. ‘ರಾಜ್ಯದಲ್ಲೇ ಮೊದಲ ಗ್ರಾಮೀಣ ಕ್ಲಬ್’ ಎಂದು ಒಬ್ಬರು ಬರೆಯುತ್ತಾರೆ. 1962ರ ಫೈನಲ್ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದೆವು ಎಂದು ಇನ್ನೊಬ್ಬರು ಬರೆಯುತ್ತಾರೆ. ಪತ್ರಿಕೆ ಅದನ್ನೇ ಎತ್ತಿ ಹಾಕುತ್ತದೆ. ಹತ್ತು ವರ್ಷದ ನಂತರದ ಸಂಚಿಕೆಗೆ ಆ ಸುದ್ದಿಯೇ ‘ಪತ್ರಿಕಾ ಆಧಾರ’ವಾಗುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ. ಪರೀಕ್ಷಿಸುವುದು ಹೇಗೆಂದು ಗೊತ್ತಿರುವುದಿಲ್ಲ, ಅಷ್ಟೆ. ಆ ವಿಧಾನ ಕಷ್ಟದ್ದೇನಲ್ಲವಾದ್ದರಿಂದ ಈ ಪತ್ರ. ಉದ್ದವಾಗಿದೆ, ಕ್ಷಮಿಸಿ.

ಮೊದಲು ಸ್ಥಾಪನೆಯ ವರ್ಷ. ನೋಂದಣಿ ಪತ್ರದಲ್ಲಿರುವ ತಾರೀಖು ಕ್ಲಬ್ ಹುಟ್ಟಿದ ತಾರೀಖಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಸಹಿ ಮಾಡಿದರೆ ಸಂಘವಾಗುತ್ತದೆ. ಆದರೆ ಹಳ್ಳಿಯಲ್ಲಿ ಆಟ ಮೊದಲು, ಸಹಿ ಆಮೇಲೆ. ಸರ್ಕಾರದ ಅನುದಾನಕ್ಕೋ ಜಾಗಕ್ಕೋ ಅರ್ಜಿ ಹಾಕುವ ಹೊತ್ತಿಗೆ, ಎಷ್ಟೋ ವರ್ಷ ಆಡಿದ ಮೇಲೆ, ನೋಂದಣಿ ಮಾಡಿಸುವುದೇ ಹೆಚ್ಚು. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ಅದಕ್ಕಿಂತ ಹಿಂದಿನ ಸಂಘವಾದರೆ 1860ರ ಸಂಘಗಳ ನೋಂದಣಿ ಕಾಯ್ದೆಯ ಅಡಿ, ಇಲ್ಲವೇ 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯ ಅಡಿ ಹುಡುಕಬೇಕು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ರಾಣೆಬೆನ್ನೂರಿನದೇ ಆಗಲಿ ರೋಣದ್ದೇ ಆಗಲಿ, ಹಳೆಯ ಕಾಗದ ಧಾರವಾಡದ ಕಟ್ಟಿನಲ್ಲಿರುತ್ತದೆ. ಹಾವೇರಿ ಕಚೇರಿಗೆ ಹತ್ತು ಸಲ ಅಲೆದು ‘ದಾಖಲೆ ಇಲ್ಲ’ ಎನ್ನಿಸಿಕೊಂಡು ಬರುವವರು ಇದನ್ನು ಮರೆತಿರುತ್ತಾರೆ.

ಇನ್ನೂ ಒಂದು ತೊಡಕಿದೆ. ಈಗ ಈ ಮೂರು ಜಿಲ್ಲೆಗಳಲ್ಲಿರುವ ಎಲ್ಲ ಊರೂ 1948ಕ್ಕೆ ಮೊದಲು ಬ್ರಿಟಿಷ್ ಧಾರವಾಡದಲ್ಲಿರಲಿಲ್ಲ. ಸವಣೂರು ನವಾಬರದು. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಮಿರಜದ್ದು. ಅಲ್ಲಿಯ ಶಾಲೆ, ಮೈದಾನ, ಇನಾಮು ಎಲ್ಲದರ ಕಾಗದ ಆಯಾ ಸಂಸ್ಥಾನದ ದಫ್ತರದ್ದು. ಕೆಲವು ಮರಾಠಿಯಲ್ಲಿ, ಅದೂ ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿ ಇರಬಹುದು. ಮೋಡಿ ಓದಲು ಬಾರದೆಂದು ಆ ಕಟ್ಟನ್ನು ರದ್ದಿಗೆ ಹಾಕಬೇಡಿ. ಓದಬಲ್ಲವರು ಧಾರವಾಡದಲ್ಲಿ ಇನ್ನೂ ಇದ್ದಾರೆ.

ಕ್ಲಬ್ಬಿನ ನಿಜವಾದ ಚರಿತ್ರೆ ಸಿಗುವುದು ಕಿರ್ದಿಯಲ್ಲಿ, ಅಂದರೆ ದಿನದ ಜಮಾ–ಖರ್ಚಿನ ಪುಸ್ತಕದಲ್ಲಿ. ಬಹಳ ಊರುಗಳಲ್ಲಿ ಫುಟ್‌ಬಾಲಿಗೆಂದು ಬೇರೆ ಪುಸ್ತಕವಿರುವುದಿಲ್ಲ. ಒಂದೇ ಯುವಕ ಮಂಡಳ ಭಜನೆ, ದೊಡ್ಡಾಟ, ಕಬಡ್ಡಿ, ಫುಟ್‌ಬಾಲ್ ಎಲ್ಲವನ್ನೂ ನಡೆಸಿರುತ್ತದೆ. ಪುಸ್ತಕ ಗರಡಿಮನೆಯ ಗೂಡಿನಲ್ಲೋ ಗುಡಿಯ ಪೆಟ್ಟಿಗೆಯಲ್ಲೋ ಇರುತ್ತದೆ. ಅದರಲ್ಲಿ ‘ಬ್ಲಾಡರ್ 1’ (ಚೆಂಡಿನೊಳಗಿನ ರಬ್ಬರ್ ಚೀಲ), ‘ಲೇಸು’, ‘ಸುಣ್ಣ’, ‘ಲಿಂಬಿಹಣ್ಣು’, ‘ಪಂಪ್ ರಿಪೇರಿ’ ಎಂಬ ನಮೂದು ಮೊದಲು ಎಲ್ಲಿ ಕಾಣುತ್ತದೋ ಅಲ್ಲಿ ಆಟ ನಡೆದಿದೆ. ಭಾಷಣದಲ್ಲಿ ಹೇಳುವ ವರ್ಷಕ್ಕಿಂತ ಬ್ಲಾಡರ್ ಕೊಂಡ ವರ್ಷವನ್ನು ನಂಬಬಹುದು.

ಕಿರ್ದಿ ಓದುವಾಗ ಎಡವುವ ಜಾಗ ಹಣದ ಲೆಕ್ಕ. ‘3-8-0’ ಎಂದು ಬರೆದಿದ್ದರೆ ಅದು ಮೂರು ರೂಪಾಯಿ ಎಂಟು ಆಣೆ, ಅಂದರೆ ಇಂದಿನ ಮೂರೂವರೆ ರೂಪಾಯಿ. ಅದನ್ನು 380 ರೂಪಾಯಿ ಎಂದು ಓದಿ ‘ಆ ಕಾಲಕ್ಕೇ ನಾನೂರರ ಚೆಂಡು’ ಎಂದು ಬರೆದುಬಿಟ್ಟರೆ ಮುಗಿಯಿತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ‘ನ. ಪೈ.’ ಎಂದಿದ್ದರೆ ನಯೇ ಪೈಸೆ, ಆ ‘ನಯೇ’ 1964ರಲ್ಲಿ ಬಿದ್ದುಹೋಯಿತು. ಹಳ್ಳಿಯ ಬಾಯಲ್ಲಿ ಆಣೆ ಲೆಕ್ಕ ಅದರ ನಂತರವೂ ಬಹಳ ದಿನ ಉಳಿದಿತ್ತು, ಆದ್ದರಿಂದ ಆಣೆ ಕಂಡ ಮಾತ್ರಕ್ಕೆ 1957ರ ಹಿಂದಿನದೆಂದು ತೀರ್ಮಾನಿಸಬೇಡಿ. ಆದರೆ ‘ನ. ಪೈ.’ ಕಂಡರೆ 1957ರ ಮುಂಚಿನದಲ್ಲ ಎಂಬುದು ಖಚಿತ.

ವರ್ಷದ ಲೆಕ್ಕವೂ ಹಾಗೆಯೇ. ವ್ಯಾಪಾರಸ್ಥರು ಬರೆದ ಪುಸ್ತಕ ದೀಪಾವಳಿ ಪಾಡ್ಯದಿಂದ ಶುರುವಾಗುತ್ತದೆ, ಶಾಲೆಯದು ಜೂನಿನಿಂದ, ಸರ್ಕಾರದ್ದು ಏಪ್ರಿಲ್‌ನಿಂದ. ಕೆಲವದರಲ್ಲಿ ಬರೀ ಸಂವತ್ಸರದ ಹೆಸರು. ಪ್ರಭವ ಸಂವತ್ಸರ 1927ರ ಯುಗಾದಿಗೆ ಒಮ್ಮೆ, 1987ರ ಯುಗಾದಿಗೆ ಮತ್ತೊಮ್ಮೆ ಬಂದಿದೆ, ಅಲ್ಲಿಂದ ಎಣಿಸಿಕೊಳ್ಳಿ. ದುರ್ಮುಖಿ ಮೂವತ್ತನೆಯದು, 1956–57. ಹೇವಿಳಂಬಿ 1957–58, ಶಕೆ 1879. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಬರೀ ಸಂವತ್ಸರ ನೋಡಿ ಹಾರಿಕೊಳ್ಳಬೇಡಿ. ಕಾಗದ, ಶಾಯಿ, ಅದರಲ್ಲಿರುವ ಮನುಷ್ಯರ ವಯಸ್ಸು ಕೂಡಿ ಬರಬೇಕು.

ತಾರೀಖಿಲ್ಲದ ಲೆಟರ್‌ಹೆಡ್, ಆಮಂತ್ರಣ, ಪ್ರಮಾಣಪತ್ರಗಳೂ ತಮ್ಮ ಕಾಲವನ್ನು ತಾವೇ ಹೇಳುತ್ತವೆ. ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರ ನಡುವಿನದು. ಆರಂಕಿಯ ಪಿನ್ ಇದ್ದರೆ 1972ರ ಆಗಸ್ಟ್ 15ರ ಮುಂಚಿನದಲ್ಲ. ‘ಜಿ. ಗದಗ’ ಎಂದಿದ್ದರೆ 1997ರ ನಂತರದ್ದು. ಈಚೆಗೆ ಕೆಲವರು ಹಳೆಯ ಪ್ರಮಾಣಪತ್ರದ ‘ನಕಲು’ ಅಚ್ಚು ಹಾಕಿಸುತ್ತಾರೆ. 1968ರದೆಂದು ಹೇಳುವ ಹಾಳೆಯ ಮೂಲೆಯಲ್ಲಿ ಪಿನ್ ಕೋಡ್ ಕುಳಿತಿರುತ್ತದೆ!

ಇದೇ ಬಗೆಯಲ್ಲಿ ಎದುರಾಳಿ ತಂಡಗಳ ಹೆಸರು ಬಹಳ ಉಪಯೋಗಕ್ಕೆ ಬರುತ್ತವೆ. ಹುಬ್ಬಳ್ಳಿ ಸುತ್ತಿನ ಊರೆಂದರೆ ರೈಲ್ವೆಯವರ ವಿರುದ್ಧ ಆಡಿದ ನಮೂದು ಸಿಕ್ಕೇ ಸಿಗುತ್ತದೆ. ‘ಎಂ.ಎಸ್.ಎಂ.’ ಎಂದಿದ್ದರೆ 1951ಕ್ಕೆ ಹಿಂದಿನ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ‘ಸದರ್ನ್ ರೈಲ್ವೆ’ ಎಂದರೆ 1951ರಿಂದ 1966ರೊಳಗೆ. 1966ರ ಅಕ್ಟೋಬರ್‌ನಿಂದ ಹುಬ್ಬಳ್ಳಿ ವಿಭಾಗ ‘ಸೌತ್ ಸೆಂಟ್ರಲ್’ಗೆ ಸೇರಿತು; 2003ರಿಂದ ‘ಸೌತ್ ವೆಸ್ಟರ್ನ್’. ಕರ್ನಾಟಕ ವಿಶ್ವವಿದ್ಯಾಲಯದ ತಂಡವೆಂದರೆ 1949ರ ನಂತರ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಂಡವೆಂದರೆ 1986ರ ನಂತರ. ಹುಡುಗರು ಪಂದ್ಯದ ತಾರೀಖು ಬರೆಯದಿದ್ದರೂ ಎದುರಾಳಿಯ ಹೆಸರು ಬರೆದಿರುತ್ತಾರೆ, ಗೆದ್ದಿದ್ದರಂತೂ ದಪ್ಪ ಅಕ್ಷರದಲ್ಲಿ.

ಫುಟ್‌ಬಾಲ್ ನಮ್ಮ ಸೀಮೆಗೆ ಬಂದ ದಾರಿಯನ್ನು ಹುಡುಕುವವರೂ ಈ ಎದುರಾಳಿಗಳ ಪಟ್ಟಿಯಿಂದಲೇ ಹಿಂದಕ್ಕೆ ಹೋಗಬೇಕು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಒಂದು ಕಡೆ; ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಬಾಸೆಲ್ ಮಿಷನ್ ಶಾಲೆಗಳು ಇನ್ನೊಂದು ಕಡೆ; 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಮತ್ತೊಂದು ಕಡೆ. ಅಂದಹಾಗೆ ಆ ಕಾಲೇಜಿನ ಕಟ್ಟಡವೇ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ನಿಮ್ಮೂರಿಗೆ ಚೆಂಡು ತಂದವರು ಕಾರ್ಯಾಗಾರದ ಕೂಲಿಯವರೋ, ಮಿಷನ್ ಶಾಲೆಯ ಮಾಸ್ತರರೋ, ರಜೆಗೆ ಬಂದ ಸಿಪಾಯಿಯೋ ಎಂದು ಕೇಳಿ ಬರೆಯಿರಿ. ‘ರಾಜ್ಯದಲ್ಲೇ ಮೊದಲು’ ಎಂಬುದನ್ನು ಬಿಟ್ಟುಬಿಡಿ. ಅದನ್ನು ಸಾಬೀತು ಮಾಡಲು ಉಳಿದೆಲ್ಲ ಊರುಗಳ ಕಿರ್ದಿಯನ್ನೂ ನೀವೇ ಓದಬೇಕಾಗುತ್ತದೆ.

ಫೋಟೋ ವಿಚಾರಕ್ಕೆ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಸಂಚಿಕೆಯಲ್ಲಿ ಜನ ನೋಡುವುದು ಅದನ್ನೇ. ರಟ್ಟಿಗೆ ಅಂಟಿಸಿದ ಹಳೆಯ ಗುಂಪು ಫೋಟೋದಲ್ಲಿ ನಾಯಕನ ಕಾಲ ಬಳಿ ಚೆಂಡು ಇರುತ್ತದೆ, ಅದರ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ ವರ್ಷ ಬರೆದಿರುತ್ತಾರೆ. ಭೂತಗನ್ನಡಿ ಹಿಡಿದರೆ ಓದಬಹುದು. ಚೆಂಡು ಕಂದು ಚರ್ಮದ್ದಾಗಿ ಉದ್ದುದ್ದ ಪಟ್ಟಿಗಳಿದ್ದು, ಲೇಸಿನ ಸೀಳು ಕಂಡರೆ ಹಳೆಯದು. ಕಪ್ಪು–ಬಿಳಿ ತುಂಡುಗಳ ಚೆಂಡಿದ್ದರೆ ಸಾಮಾನ್ಯವಾಗಿ 1970ರ ನಂತರದ್ದು. ಆ ವರ್ಷದ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ 12 ಕಪ್ಪು ಪಂಚಕೋನ, 20 ಬಿಳಿ ಷಟ್ಕೋನದ ಚೆಂಡು ಬಂತು, ಆಮೇಲೆ ಊರೂರಿಗೆ ಅದೇ ಮಾದರಿ ಹಬ್ಬಿತು. ತಿಳಿನೀಲಿ–ಬಿಳಿ ಪಟ್ಟೆಯ ಅಂಗಿ ತೊಟ್ಟ ಹಳ್ಳಿ ತಂಡದ ಫೋಟೋ ಸಿಕ್ಕರೆ 1986ರ ಈಚಿನದೆಂದು ಊಹಿಸಬಹುದು. ದೂರದರ್ಶನದಲ್ಲಿ ಮರಡೋನಾನನ್ನು ಕಂಡ ಮೇಲೆ ಅರ್ಜೆಂಟೀನಾದ ಅಂಗಿ ಎಲ್ಲೆಡೆ ಬಂತು.

ಫೋಟೋದ ಅಡಿಯ ಹೆಸರುಗಳ ಜತೆ ‘ಸೆಂಟರ್ ಹಾಫ್’, ‘ಇನ್‌ಸೈಡ್ ಲೆಫ್ಟ್’, ‘ಔಟ್‌ಸೈಡ್ ರೈಟ್’ ಎಂದಿದ್ದರೆ ತಂಡ ಐವರು ಫಾರ್ವರ್ಡ್‌ಗಳ ಹಳೆಯ ಪದ್ಧತಿಯಲ್ಲಿ ಆಡುತ್ತಿತ್ತು ಎಂದರ್ಥ. ಆ ಪದಗಳನ್ನು ಈಗಿನ ‘ಮಿಡ್‌ಫೀಲ್ಡರ್’, ‘ವಿಂಗರ್’ ಎಂದು ತಿದ್ದಿ ಅಚ್ಚು ಹಾಕಬೇಡಿ, ಆ ಪದಗಳೇ ಸಾಕ್ಷಿ. ಅಳತೆಗೂ ಫೋಟೋ ಬರುತ್ತದೆ. ನಿಯಮದ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ಅಂದರೆ ಅಡ್ಡಳತೆ ಸುಮಾರು 22 ಸೆಂ.ಮೀ. ಗೋಲಿನ ಗೆರೆಯ ಹತ್ತಿರ ಚೆಂಡು ಇರುವ ಫೋಟೋ ಸಿಕ್ಕರೆ, ಗೋಲಿನ ಎತ್ತರ ಚೆಂಡಿನ ಎಷ್ಟು ಪಟ್ಟು ಎಂದು ಸ್ಕೇಲಿನಲ್ಲಿ ಅಳೆಯಿರಿ. ಹನ್ನೊಂದು ಪಟ್ಟು ಇದ್ದರೆ ನಿಯಮದ 2.44 ಮೀಟರ್ ಸರಿಯಾಗಿದೆ. ಎಂಟೇ ಪಟ್ಟು ಬಂದರೆ ಗೋಲು ಗಿಡ್ಡ. ಇದರಲ್ಲಿ ನಾಚಿಕೆಪಡುವುದೇನಿಲ್ಲ. ಎರಡು ಕಂಬದ ನಡುವೆ 7.32 ಮೀಟರ್ ಬರಬೇಕು. ಅಷ್ಟುದ್ದದ ನೆಟ್ಟನೆಯ ಬಿದಿರು ಒಂದೇ ತುಂಡಿನಲ್ಲಿ ಸಿಗುವುದು ಕಷ್ಟ. ಎರಡು ಕೂಡಿಸಿ ಹಗ್ಗ ಬಿಗಿದರೆ ನಡು ಜೋತುಬೀಳುತ್ತದೆ. ಅದಕ್ಕೇ ಅಡ್ಡಪಟ್ಟಿಯ ಬದಲು ಬರೀ ಹಗ್ಗ ಕಟ್ಟಿ ಆಡಿದವರುಂಟು. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೋ ಎಂಬ ಜಗಳ ಎಷ್ಟೋ ಫೈನಲ್‌ಗಳನ್ನು ಮುರಿದಿದೆ. ನೆಟ್ಟ ಕಂಬದ ಬುಡಕ್ಕೆ ಡಾಂಬರು ಬಳಿಯದಿದ್ದರೆ ಗೆದ್ದಲು ಹತ್ತಿ ಎರಡು ಮಳೆಗಾಲಕ್ಕೆ ಕಂಬವೇ ಬಾಗುತ್ತದೆ. ಕಬ್ಬಿಣದ ಪೈಪಿನ ಗೋಲು ಊರಿಗೆ ಯಾವಾಗ ಬಂತು, ದುಡ್ಡು ಯಾರದು ಎಂಬುದಕ್ಕೆ ಒಂದು ಪ್ಯಾರಾ ಮೀಸಲಿಡಿ. ಕಪ್ಪಿಗಿಂತ ದೊಡ್ಡ ಸಂಗತಿ ಅದು.

ಹಿರಿಯರ ನೆನಪಿನ ಮಾತು. ಅವರನ್ನು ‘ಯಾವ ವರ್ಷ?’ ಎಂದು ಕೇಳಬೇಡಿ, ಕೇಳಿದರೆ ಒಂದು ಸಂಖ್ಯೆ ಹೇಳಿಬಿಡುತ್ತಾರೆ. ‘ನರಗುಂದ–ನವಲಗುಂದದ ರೈತ ಬಂಡಾಯಕ್ಕಿಂತ ಮೊದಲೋ ಆಮೇಲೋ?’ ಎಂದು ಕೇಳಿ. ಅದು 1980ರ ಜುಲೈ. ‘ತುರ್ತುಪರಿಸ್ಥಿತಿ ಇತ್ತೇ?’ 1975ರಿಂದ 77. ‘ಕಪಿಲ್‌ದೇವ್ ಕಪ್ ಗೆದ್ದ ಮೇಲೆಯೇ?’ 1983ರ ಜೂನ್. ‘ನಿಮ್ಮ ಮದುವೆಯಾಗಿತ್ತೇ, ದೊಡ್ಡ ಮಗ ಹುಟ್ಟಿದ್ದನೇ?’ ಈ ಕೊನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಒಳಗಿನಿಂದ, ಮನೆಯವರಿಂದಲೇ ಬರುತ್ತದೆ, ಮತ್ತು ಅದೇ ಸರಿ ಇರುತ್ತದೆ. ಇಬ್ಬರನ್ನು ಕೂಡಿಸಿ ಕೇಳಬೇಡಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುತ್ತಾರೆ. ಬೇರೆ ಬೇರೆ ಕೇಳಿ, ಆಮೇಲೆ ಹೊಂದಿಸಿ.

ನೆನಪು ಬೆರೆಯುವುದು ಆಟದ ನಿಯಮಗಳಲ್ಲೇ ಹೆಚ್ಚು. ಪೆನಾಲ್ಟಿ ಶೂಟೌಟ್ ನಿಯಮಕ್ಕೆ ಸೇರಿದ್ದು 1970ರಲ್ಲಿ. ಅದಕ್ಕೂ ಮೊದಲು ಸಮ ಬಂದರೆ ಮರುಪಂದ್ಯ, ಇಲ್ಲವೇ ಚೀಟಿ ಎತ್ತುವುದು. ಹಳದಿ, ಕೆಂಪು ಕಾರ್ಡು ಮೊದಲು ಜಾರಿಗೆ ಬಂದದ್ದೂ 1970ರ ವಿಶ್ವಕಪ್ಪಿನಲ್ಲಿ. 1965ರಲ್ಲಿ ಕೆಂಪು ಕಾರ್ಡು ತೋರಿಸಿದರು ಎಂದರೆ, ಮೈದಾನದಿಂದ ಹೊರಗೆ ಕಳಿಸಿದ್ದು ನಿಜವಿರಬಹುದು, ಕಾರ್ಡು ಆಮೇಲೆ ನೆನಪಿಗೆ ಅಂಟಿಕೊಂಡದ್ದು. ಲೀಗ್ ಪಟ್ಟಿಯಲ್ಲಿ ಗೆಲುವಿಗೆ ಎರಡೇ ಅಂಕವಿದ್ದರೆ ಅಚ್ಚಿನ ತಪ್ಪೆಂದು ಮೂರು ಮಾಡಬೇಡಿ. ವಿಶ್ವಕಪ್ಪಿಗೂ ಮೂರು ಅಂಕ ಬಂದದ್ದು 1994ಕ್ಕೆ.

ಬರಿಗಾಲಿನ ಆಟದ ಬಗ್ಗೆ ಎಲ್ಲ ಸಂಚಿಕೆಗಳೂ ಹೆಮ್ಮೆಯಿಂದ ಬರೆಯುತ್ತವೆ, ಬರೆಯಲಿ. 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿದ ಕಲ್ಕತ್ತೆಯ ಮೋಹನ್ ಬಾಗಾನ್ ತಂಡದಲ್ಲಿ ಒಬ್ಬರ ಕಾಲಲ್ಲಷ್ಟೇ ಬೂಟು ಇತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು, ಆ ದಿನ ತಂಡದ ಬಹುಪಾಲು ಜನ ಬರಿಗಾಲಲ್ಲೇ ಆಡಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಬಡಿದ ಮೇಲೆ ರಾಷ್ಟ್ರೀಯ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಹಳ್ಳಿಗೆ ಆ ನಿಯಮ ಮುಟ್ಟಲು ಎಷ್ಟು ವರ್ಷ ಹಿಡಿಯಿತು ಎಂಬುದೇ ನಿಮ್ಮ ಸಂಚಿಕೆ ಉತ್ತರಿಸಬೇಕಾದ ಪ್ರಶ್ನೆ. ಒಂದೇ ಪಂದ್ಯದಲ್ಲಿ ಅರ್ಧ ಜನ ಬೂಟು, ಅರ್ಧ ಜನ ಬರಿಗಾಲು ಇದ್ದರೆ ರೆಫರಿ ಏನು ಮಾಡುತ್ತಿದ್ದರು, ಯಾರ ಬೆರಳು ಮುರಿಯಿತು ಎಂಬುದನ್ನು ಕೇಳಿ ಬರೆಯಿರಿ. ಬರಿಗಾಲಿನ ಕಾರಣಕ್ಕೇ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲ ಎಂಬ ಹಳೆಯ ಕತೆಯನ್ನು ಮತ್ತೆ ಮತ್ತೆ ಅಚ್ಚು ಹಾಕುವುದು ಬೇಡ.

ಇನ್ನೊಂದು ಬಲೆ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿ. ‘ನಮ್ಮೂರಿನವರು ಮೈಸೂರು ತಂಡದಲ್ಲಿದ್ದರು’ ಎಂಬ ಮಾತು ಬಹಳ ಕಡೆ ಇದೆ. ಮೈಸೂರು ಆ ಟ್ರೋಫಿ ಗೆದ್ದದ್ದು 1946–47, 1952–53, 1967–68 ಮತ್ತು 1968–69ರಲ್ಲಿ. ಆಮೇಲೆ ಕರ್ನಾಟಕಕ್ಕೆ ಅದು ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಮೊದಲ ಎರಡು ಗೆಲುವಿನ ಹೊತ್ತಿಗೆ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಊರಲ್ಲೇ ಇದ್ದು ಆಡಿದವರು ಆಗ ಮೈಸೂರು ತಂಡಕ್ಕೆ ಬರುವುದು ಹೇಗೆ? ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದರೇ ಎಂದು ನೋಡಬೇಕು. ಇಲ್ಲವಾದರೆ ಅವರು ಆಡಿದ್ದು ಬೇರೆ ಯಾವುದೋ ಪಂದ್ಯಾವಳಿ. ಅದರ ಪ್ರಮಾಣಪತ್ರ ಮನೆಯ ಟ್ರಂಕಿನಲ್ಲಿರಬಹುದು.

ಪಂದ್ಯಾವಳಿಯ ಅಂಕಿಗಳಿಗೆ ಗಣಿತವೇ ಸಾಕು. ನಾಕೌಟ್‌ನಲ್ಲಿ ಒಂದೊಂದು ಪಂದ್ಯಕ್ಕೂ ಒಂದು ತಂಡ ಹೊರಬೀಳುತ್ತದೆ, ಕೊನೆಗೆ ಉಳಿಯುವುದು ಒಂದು. ಆದ್ದರಿಂದ 22 ತಂಡ ಬಂದಿದ್ದರೆ ಪಂದ್ಯ 21. ಮೊದಲ ಸುತ್ತಿನಲ್ಲಿ 12 ತಂಡಗಳ 6 ಪಂದ್ಯ, ಉಳಿದ 10 ತಂಡಕ್ಕೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತು. ಸಂಚಿಕೆಯಲ್ಲಿ ‘22 ತಂಡ, 30 ಪಂದ್ಯ’ ಎಂದಿದ್ದರೆ ಎರಡರಲ್ಲಿ ಒಂದು ತಪ್ಪು, ಇಲ್ಲವೇ ಒಂಬತ್ತು ಮರುಪಂದ್ಯ ಆಗಿರಬೇಕು. ಪ್ರವೇಶ ಶುಲ್ಕದ ಜಮೆಯನ್ನು ಒಂದು ತಂಡದ ಶುಲ್ಕದಿಂದ ಭಾಗಿಸಿದರೆ ತಂಡಗಳ ನಿಜ ಸಂಖ್ಯೆ ಬರುತ್ತದೆ. ರೋಲಿಂಗ್ ಶೀಲ್ಡಿನ ಅಂಚಿನ ಸಣ್ಣ ಫಲಕಗಳಲ್ಲಿ ವರ್ಷವಾರು ಗೆದ್ದವರ ಹೆಸರಿರುತ್ತದೆ. ನಡುವೆ ಬಿಟ್ಟುಹೋದ ವರ್ಷಗಳು ಪಂದ್ಯಾವಳಿ ನಡೆಯದ್ದಕ್ಕಿರಬಹುದು, ಕೆತ್ತಿಸಲು ದುಡ್ಡಿಲ್ಲದ್ದಕ್ಕೂ ಇರಬಹುದು. ಕಿರ್ದಿ ನೋಡಿ ಬಗೆಹರಿಸಿಕೊಳ್ಳಿ. ಕಪ್ಪನ್ನು ಬಿಡುಗಡೆಯ ದಿನ ಹೊಳೆಯಲೆಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ದೊಡ್ಡ ಅನಾಹುತ. ಮೇಲಿನ ಬೆಳ್ಳಿ ಲೇಪದ ಜತೆ ಅಕ್ಷರವೂ ಸವೆಯುತ್ತದೆ. ಮಸುಕಾದ ಅಕ್ಷರ ಓದಲು ಕತ್ತಲೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ, ಅಷ್ಟೇ ಸಾಕು.

ಇಷ್ಟೆಲ್ಲಕ್ಕಿಂತ ಮುಖ್ಯ ಮೈದಾನ. ಹಳ್ಳಿ ಕ್ಲಬ್ ಸಾಯುವುದು ಆಟಗಾರರಿಲ್ಲದೆ ಅಲ್ಲ, ಜಾಗ ಹೋಗಿ. ಆದರೆ ಮೈದಾನದ ಕತೆ ಯಾವ ಸಂಚಿಕೆಯಲ್ಲೂ ಒಂದು ಸಾಲು ಮೀರುವುದಿಲ್ಲ. ಸರ್ವೆ ನಂಬರ್ ಹುಡುಕಿ, ಉತಾರ (ಪಹಣಿ) ತೆಗೆಸಿ. ಗಣಕದಲ್ಲಿ ಸಿಗುವುದು ಈಚಿನದು. ಹಿಂದಿನದಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆಯ ದಾಖಲೆಗೆ ಅರ್ಜಿ ಹಾಕಬೇಕು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ನಮೂದಿದೆ ನೋಡಿ. ಗೋಮಾಳವೇ, ಶಾಲೆಯದೇ, ಗುಡಿಯ ಇನಾಮೇ, ಯಾರಾದರೂ ಗೌಡರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದೇ ಎಂಬುದು ಅಲ್ಲಿ ಬಯಲಾಗುತ್ತದೆ. ಬಾಯಿಮಾತಿನದಾದರೆ ಒಂದು ತಲೆಮಾರು ಮಾತ್ರ ಬಾಳುತ್ತದೆ. ಪಂಚಾಯ್ತಿಯ ಠರಾವು ಪುಸ್ತಕವನ್ನೂ ನೋಡಿ. ನೀರಿನ ಟಾಕಿ, ಸಮುದಾಯ ಭವನ, ನಿವೇಶನ ಹಂಚಿಕೆ, ಹೀಗೆ ಮೈದಾನದ ಒಂದೊಂದು ಮೂಲೆ ಯಾವ ಠರಾವಿನಲ್ಲಿ ಹೋಯಿತು ಎಂಬುದು ತಾರೀಖಿನ ಸಮೇತ ಸಿಗುತ್ತದೆ.

ಗುಂಟೆಯ ಲೆಕ್ಕದಿಂದ ಆಟದ ಸ್ವರೂಪವೂ ಗೊತ್ತಾಗುತ್ತದೆ. ನಿಯಮದ ಅತಿ ಸಣ್ಣ ಅಂಕಣ 90 ಮೀಟರ್ ಉದ್ದ, 45 ಮೀಟರ್ ಅಗಲ, ಅಂದರೆ 4050 ಚದರ ಮೀಟರ್, ಹೆಚ್ಚೂಕಡಿಮೆ ಸರಿಯಾಗಿ ಒಂದು ಎಕರೆ. 100ಕ್ಕೆ 64ರ ಅಂಕಣಕ್ಕೆ 1 ಎಕರೆ 23 ಗುಂಟೆ. ಸುತ್ತ ಮೂರು ಮೀಟರ್ ಬಿಟ್ಟರೆ 1 ಎಕರೆ 33 ಗುಂಟೆ ಬೇಕು. ಉತಾರದಲ್ಲಿ 25 ಗುಂಟೆ ಇದ್ದು ‘ಹನ್ನೊಂದು ಜನರ ಪೂರ್ಣ ಪಂದ್ಯ’ ಆಡಿದೆವು ಎಂದರೆ, ಪಕ್ಕದ ಹೊಲದಲ್ಲೂ ಓಡಿರಬೇಕು, ಇಲ್ಲವೇ ಆಡಿದ್ದು ಏಳೇಳು ಜನರ ಸೆವೆನ್ಸ್.

ಮಣ್ಣು ಯಾವುದು ಎಂಬುದನ್ನೂ ಬರೆಯಿರಿ. ನವಲಗುಂದ, ನರಗುಂದ, ರೋಣದ ಎರಿ ನೆಲ (ಕಪ್ಪು ಮಣ್ಣು) ಮಳೆಗೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಪಾದ ಹೋಗುವಷ್ಟು ಬಿರುಕು ಬಿಡುತ್ತದೆ. ಅಲ್ಲಿ ಆಡಲು ಒಗ್ಗುವುದು ಹಿಂಗಾರಿ ಪೀಕು ಕಿತ್ತ ಮೇಲಿನ ಕೆಲವು ವಾರ, ಪಂದ್ಯಾವಳಿಗಳೂ ಜಾತ್ರೆಗಳೂ ಕೂಡಿ ಬರುವುದು ಆಗಲೇ. ಕಲಘಟಗಿ, ಧಾರವಾಡದ ಪಡುವಣ ಕಡೆ ಮಸಾರಿ ನೆಲ (ಕೆಂಪು ಮಣ್ಣು), ನೀರು ಬೇಗ ಬಸಿಯುವುದರಿಂದ ಮಳೆ ಹೊಳವಾದ ಮರುದಿನವೇ ಆಡಬಹುದು. ಎರಿ ನೆಲದ ಊರಿನವರು ಗರಸು (ಕಲ್ಲುಹರಳಿನ ಗಟ್ಟಿ ಮಣ್ಣು) ಹಾಕಿಸಿ ಮೈದಾನ ಎತ್ತರಿಸುತ್ತಾರೆ. ಮೇಲೆ ಜರಡಿ ಹಿಡಿದ ಮಸಾರಿ ಮಣ್ಣು ಎರಡಂಗುಲ ಹಾಸದಿದ್ದರೆ ಬಿದ್ದವರ ಮೊಣಕಾಲ ಚರ್ಮ ಉಳಿಯುವುದಿಲ್ಲ. ಕಿರ್ದಿಯಲ್ಲಿ ‘ಗರಸು 12 ಗಾಡಿ’ ಎಂದು ಕಂಡರೆ ಅದು ಚಕ್ಕಡಿಯೋ ಟ್ರ್ಯಾಕ್ಟರೋ ಕೇಳಿ, ಎರಡರ ಅಳತೆಗೆ ಅಜಗಜಾಂತರ. ಗೆರೆಗೆ ಬಳಸುವ ಸುಣ್ಣ ಕೂಡ ಸಣ್ಣ ಖರ್ಚಲ್ಲ. 100ಕ್ಕೆ 64ರ ಅಂಕಣದ ಎಲ್ಲ ಗೆರೆ ಕೂಡಿಸಿದರೆ ಸುಮಾರು 700 ಮೀಟರ್ ಆಗುತ್ತದೆ. ಅರಳಿಸದ ಸುಣ್ಣ ಹಾಕಿ ಕಣ್ಣು ಸುಟ್ಟುಕೊಂಡ ಗೋಲ್‌ಕೀಪರ್‌ಗಳು ಹಲವು ಊರಲ್ಲಿ ಸಿಗುತ್ತಾರೆ.

ಚೆಂಡಿನ ಹಿಂದೆ ಇದ್ದವರ ಹೆಸರು ಬಿಟ್ಟುಹೋಗುವುದು ನಮ್ಮ ದೊಡ್ಡ ದೂರು. ಹಳೆಯ ಚೆಂಡೆಂದರೆ ಹೊರಗೆ ಚರ್ಮ, ಒಳಗೆ ರಬ್ಬರಿನ ಬ್ಲಾಡರ್. ಊದಿ, ನಳಿಕೆಯನ್ನು ಮಡಚಿ ದಾರ ಬಿಗಿದು, ಒಳಕ್ಕೆ ತುರುಕಿ, ಮೇಲೆ ಲೇಸು ಎಳೆಯಬೇಕು. ಲೇಸು ಎಳೆಯುವ ಸೂಜಿ ಒಂದಿಷ್ಟು ಜಾರಿದರೆ ಬ್ಲಾಡರ್ ತೂತು. ಜಾಲಿಮುಳ್ಳು ನೆಟ್ಟರೂ ಅದೇ ಗತಿ. ಪಂಕ್ಚರ್ ತಿದ್ದುತ್ತಿದ್ದವರು ಸೈಕಲ್ ಅಂಗಡಿಯವರು, ಅದೇ ಸಲ್ಯೂಷನ್, ಅದೇ ಟ್ಯೂಬಿನ ತುಂಡು. ಹೊಲಿಗೆ ಬಿಚ್ಚಿದರೆ ಹೋಗುತ್ತಿದ್ದುದು ಊರ ಸಮಗಾರರ ಕಟ್ಟೆಗೆ. 1937ರಿಂದ ನಿಯಮದ ತೂಕ 14ರಿಂದ 16 ಔನ್ಸ್, ಈಗಿನ 410ರಿಂದ 450 ಗ್ರಾಂ. ಆದರೆ ಅದು ಆಟ ಶುರುವಾಗುವಾಗಿನ ತೂಕ. ತೊಯ್ದ ಚರ್ಮ ನೀರು ಕುಡಿದು ಭಾರವಾಗುತ್ತದೆ, ಲೇಸಿನ ಗಂಟು ಹಣೆಗೆ ತಗುಲಿದರೆ ಗಾಯ. ಒದ್ದೆ ಚೆಂಡನ್ನು ಬಿಸಿಲಿಗಿಟ್ಟರೆ ಸೀಳುತ್ತದೆ. ನೆರಳಲ್ಲಿ ಒಣಗಿಸಿ ಎಣ್ಣೆ ಸವರಬೇಕಿತ್ತು. ದೇಶ ವಿಭಜನೆಯಾದಾಗ ಸಿಯಾಲ್‌ಕೋಟದ ಚೆಂಡು ತಯಾರಕರಲ್ಲಿ ಅನೇಕರು ಜಲಂಧರಕ್ಕೆ ಬಂದು ನೆಲೆಸಿದರು, ಹೊಸ ಚೆಂಡು ಅಲ್ಲಿಂದ ಬರಬೇಕು. ಅಷ್ಟು ದೂರದಿಂದ ಬಂದ ಒಂದು ಚೆಂಡನ್ನು ಮೂರು ನಾಲ್ಕು ವರ್ಷ ಜೀವಂತ ಇಟ್ಟವರು ಹೊಲಿಗೆ ಹಾಕಿದವರು. ಸಂಚಿಕೆಯಲ್ಲಿ ಚೆಂಡು ದಾನ ಕೊಟ್ಟವರ ಫೋಟೋ ಇರುತ್ತದೆ, ಹೊಲಿದವರ ಹೆಸರೂ ಇರುವುದಿಲ್ಲ. ಕಿರ್ದಿಯಲ್ಲಿ ‘ಹೊಲಿಗೆ 0-4-0’ ಎಂಬ ನಮೂದಿನ ಎದುರು ಅವರ ಹೆಸರು ಬರೆದಿರುತ್ತದೆ, ನೋಡಿ.

ಸಂಪಾದಕರಲ್ಲಿ ಕೇಳುವುದು ಇಷ್ಟು. ಹಳ್ಳಿ ಪಂದ್ಯಾವಳಿಯ ಸುದ್ದಿಯಲ್ಲಿ ‘ನಿನ್ನೆ’, ‘ಇತ್ತೀಚೆಗೆ’ ಎಂದು ಬರೆಯದೆ ತಾರೀಖನ್ನೇ ಹಾಕಿ. ಜನ ಸುದ್ದಿಯನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಪುಟದ ತಲೆಯ ದಿನಾಂಕ ರದ್ದಿಗೆ ಹೋಗುತ್ತದೆ. ಒಂದೇ ಹೆಸರಿನ ಊರು ಎರಡು ಮೂರು ತಾಲ್ಲೂಕುಗಳಲ್ಲಿರುವುದರಿಂದ ತಾಲ್ಲೂಕನ್ನೂ ಹಾಕಿ. ಗೆದ್ದವರ ಜತೆ ಸೋತ ತಂಡದ ಹೆಸರು, ಗೋಲುಗಳ ಸಂಖ್ಯೆ, ಗೋಲು ಹೊಡೆದವರ ಅಡ್ಡಹೆಸರು ಇರಲಿ. ಉದ್ಘಾಟಕರ ಪಟ್ಟಿಯಲ್ಲಿ ಇಬ್ಬರನ್ನು ಕೈಬಿಟ್ಟರೆ ಅಷ್ಟಕ್ಕೆ ಜಾಗ ಸಿಗುತ್ತದೆ. ‘ಮೊದಲ’, ‘ಏಕೈಕ’ ಎಂಬ ಪದ ಪತ್ರಿಕಾ ಹೇಳಿಕೆಯಲ್ಲಿ ಬಂದರೆ ಆಧಾರವೇನೆಂದು ವರದಿಗಾರರು ಒಂದು ಸಲ ಕೇಳಲಿ.

ಇತಿ ತಮ್ಮ ವಿಶ್ವಾಸಿಗಳು,
ಹಳೆಯ ಆಟಗಾರರು ಮತ್ತು ರೆಫರಿಗಳು, ಗದಗ–ಬೆಟಗೇರಿ

ತಾ.ಕ.: ಹಳೆಯ ಫೋಟೋಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಮೇಲ್ಪದರ ಕಿತ್ತು ಬರುತ್ತದೆ, ಮತ್ತೆ ಬಿಡಿಸಲಾಗದು. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿ ಕಲೆ ಬಿಡುತ್ತದೆ. ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್ಲಿನಲ್ಲಿ, ಎಡದಿಂದ ಬಲಕ್ಕೆ, ನಿಂತವರು ಬೇರೆ, ಕೂತವರು ಬೇರೆ. ಸ್ಕ್ಯಾನ್ ಮಾಡಿಸುವಾಗ ರಟ್ಟಿನ ಸಮೇತ ಮಾಡಿಸಿ. ಸ್ಟುಡಿಯೋದ ಹೆಸರು, ಊರು ಅಚ್ಚಾಗಿರುವುದು ರಟ್ಟಿನ ಅಂಚಿನಲ್ಲೇ.